ಅಂಗಳದ ಎತ್ತರದ ಮೀನುಕೊಳ: ನೀರಿನ ಒತ್ತಡದ ಒಂದು ಪಾಠ

ಬಗ್ಗಿ ಕೂರಲಾರದವರಿಗೆ ನೆಲಮಟ್ಟದ ಕೊಳವು ದೂರದ ನೋಟವಾಗಿಯೇ ಉಳಿಯುವುದು. ನಮ್ಮ ತಾಯಿಯವರು ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಗಿ ಬಂದ ಮೇಲೆ, ಅವರು ಕುಳಿತಲ್ಲಿಂದಲೇ ಮೀನುಗಳಿಗೆ ಆಹಾರ ಹಾಕುವಂತೆ ಕೊಳವನ್ನು ನೆಲದಿಂದ ಮೇಲಕ್ಕೆತ್ತಿ ಕಟ್ಟಬೇಕೆಂದು ನಾವು ಯೋಚಿಸಿದೆವು. ಇಟ್ಟಿಗೆ ಉಳಿಸುವ ಆಸೆಯಿಂದ ನಾಲ್ಕೂವರೆ ಅಂಗುಲದ ಗೋಡೆಯ ಉದ್ದನೆಯ ತೊಟ್ಟಿಯೊಂದನ್ನು ಕಟ್ಟಿ, ನೀರು ತುಂಬಿ, ಮೀನು ಬಿಟ್ಟೆವು. ಮೂರನೆಯ ತಿಂಗಳಿನ ಒಂದು ಬೆಳಿಗ್ಗೆ ನೋಡಿದಾಗ ಉದ್ದಪಕ್ಕದ ಗೋಡೆ ಬುಡದಲ್ಲಿ ಸೀಳಿ ಹೊರಕ್ಕೆ ಮಲಗಿತ್ತು. ಮೀನುಗಳು ಕೆಸರಿನಲ್ಲಿ ಸತ್ತು ಬಿದ್ದಿದ್ದುವು. ತರಗತಿಯಲ್ಲಿ ವರ್ಷವರ್ಷವೂ ದ್ರವದ ಒತ್ತಡವನ್ನು ಬೋಧಿಸುವ ನಾವು ಅಂಗಳದಲ್ಲಿ ಅದನ್ನು ಮರೆತಿದ್ದೆವು.

ಗೋಡೆಯ ಲೆಕ್ಕ

ದ್ರವದ ಒತ್ತಡವು ಆಳವನ್ನು ಅವಲಂಬಿಸಿದೆಯೇ ಹೊರತು ತೊಟ್ಟಿಯ ವಿಸ್ತಾರವನ್ನಲ್ಲ. ತೊಟ್ಟಿಯಲ್ಲಿ 50 ಸೆಂಟಿಮೀಟರು ನೀರು ನಿಂತಿದೆಯೆನ್ನೋಣ. ವಾಯುವಿನ ಒತ್ತಡ ಗೋಡೆಯ ಎರಡು ಪಕ್ಕಗಳಲ್ಲಿಯೂ ಇರುವುದರಿಂದ ಅದನ್ನು ಬಿಟ್ಟುಬಿಡಬಹುದು. ನೀರಿನ ಒತ್ತಡ ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ ಚದರ ಮೀಟರಿಗೆ 500 ಕಿಲೋಗ್ರಾಂ ತೂಕದಷ್ಟು, ಸರಾಸರಿ 250. ಒಂದು ಮೀಟರು ಉದ್ದದ ಗೋಡೆಗೆ ನೀರು ತಾಗುವ ಕ್ಷೇತ್ರ ಅರ್ಧ ಚದರ ಮೀಟರಾದುದರಿಂದ ಅದನ್ನು ಹೊರಕ್ಕೆ ನೂಕುವ ಬಲ 125 ಕಿಲೋಗ್ರಾಂ. ಈ ಬಲವು ಆಳದ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿ, ಎಂದರೆ ತಳದಿಂದ ಸುಮಾರು 17 ಸೆಂಟಿಮೀಟರು ಮೇಲೆ, ವರ್ತಿಸುವುದು. ಬಲ ಮತ್ತು ದೂರಗಳ ಗುಣಲಬ್ಧವೇ ಗೋಡೆಯನ್ನು ಉರುಳಿಸುವ ಪರಿಣಾಮ. ಅದು ಸುಮಾರು 21 ಕಿಲೋಗ್ರಾಂ-ಮೀಟರು.

ಇದನ್ನು ತಡೆಯುವುದು ಯಾವುದು? 60 ಸೆಂಟಿಮೀಟರು ಎತ್ತರದ ನಮ್ಮ ಗೋಡೆಯ ತೂಕ ಮೀಟರಿಗೆ ಸುಮಾರು 130 ಕಿಲೋಗ್ರಾಂ. ಅದು ಗೋಡೆಯ ದಪ್ಪದ ನಡುವೆ, ಹೊರ ಅಂಚಿನಿಂದ 6 ಸೆಂಟಿಮೀಟರಿಗಿಂತಲೂ ಸ್ವಲ್ಪ ಕಡಮೆ ದೂರದಲ್ಲಿ ಕೆಳಕ್ಕೆ ಎಳೆಯುವುದು. ಗುಣಿಸಿದರೆ ಏಳೂವರೆ ಮಾತ್ರ! ಉಳಿದುದನ್ನೆಲ್ಲ ಗಾರೆಯ ಅಂಟೇ ಹೊತ್ತಿತ್ತು. ಮೂಲೆಗಳು ತಮ್ಮ ಸಮೀಪದ ಗೋಡೆಗೆ ಆಸರೆ ಕೊಡುತ್ತವೆ. ನಡುಭಾಗಕ್ಕೆ ಆ ಆಸರೆಯಿಲ್ಲ. ಅಲ್ಲಿ ಬುಡದ ಗಾರೆ ಬಿರುಕು ಬಿಟ್ಟೊಡನೆ ಗೋಡೆ ಬಿದ್ದಿತು. ಒಂಬತ್ತು ಅಂಗುಲದ ಗೋಡೆಯಾಗಿದ್ದರೆ ತೂಕವೂ ಇಮ್ಮಡಿ, ದೂರವೂ ಇಮ್ಮಡಿಯಾಗಿ ತಡೆಯುವ ಪರಿಣಾಮ 30 ಆಗುತ್ತಿತ್ತು, ಗೋಡೆ ನಿಲ್ಲುತ್ತಿತ್ತು. ಆದರೆ ಇಟ್ಟಿಗೆಯ ಖರ್ಚೂ ಇಮ್ಮಡಿಯಾಗುತ್ತಿತ್ತು.

ಬಳೆಯ ಗುಣ

ಇಟ್ಟಿಗೆಯನ್ನು ಹೆಚ್ಚಿಸುವುದಕ್ಕೆ ಬದಲಾಗಿ ಆಕಾರವನ್ನೇ ಬದಲಿಸಿದರೆ ಹೇಗೆ? ಬಾವಿಗೂ ಇಂಗುಗುಂಡಿಗೂ ಇಳಿಸುವ ಸಿಮೆಂಟು ರಿಂಗುಗಳನ್ನು ವಾಚಕರು ನೋಡಿಯೇ ಇರುತ್ತಾರೆ. ದುಂಡು ಗೋಡೆಯನ್ನು ನೀರು ಎಲ್ಲ ದಿಕ್ಕುಗಳಿಗೂ ಸಮನಾಗಿ ನೂಕುವುದು. ಒಂದು ಭಾಗ ಹೊರಕ್ಕೆ ಬಾಗಬೇಕಾದರೆ ಇಡೀ ಬಳೆಯೇ ಹಿಗ್ಗಬೇಕು. ಆದುದರಿಂದ ನೂಕುವ ಬಲವು ಬಳೆಯ ಸುತ್ತಲೂ ಎಳೆತವಾಗಿ ಮಾರ್ಪಡುವುದು. ಎತ್ತಿನ ಗಾಡಿಯ ಚಕ್ರಕ್ಕೆ ಬಿಗಿದ ಕಬ್ಬಿಣದ ಪಟ್ಟಿಯಲ್ಲಿರುವುದೂ ಇಂಥ ಎಳೆತವೇ. ಅದರ ಪರಿಮಾಣವು ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧ. 60 ಸೆಂಟಿಮೀಟರು ತ್ರಿಜ್ಯದ, 5 ಸೆಂಟಿಮೀಟರು ದಪ್ಪದ ರಿಂಗಿನ ಬುಡದಲ್ಲಿ ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ 0.6 ಕಿಲೋಗ್ರಾಂ ಬರುವುದು. ಕಾಂಕ್ರೀಟು ಎಳೆತಕ್ಕೆ ದುರ್ಬಲವೆಂಬುದು ನಿಜ. ಆದರೂ ಒಳ್ಳೆಯ ಕಾಂಕ್ರೀಟು ಇದರ ಹತ್ತುಪಟ್ಟಿಗಿಂತ ಹೆಚ್ಚನ್ನು ತಾಳಬಲ್ಲದು.

ಕಟ್ಟುವ ಕ್ರಮ

120 ಸೆಂಟಿಮೀಟರು ಒಳವ್ಯಾಸ, 30 ಸೆಂಟಿಮೀಟರು ಎತ್ತರದ ಎರಡು ರಿಂಗುಗಳು ಸಾಕು. ಒಂದೊಂದೂ ಸುಮಾರು 140 ಕಿಲೋಗ್ರಾಂ ತೂಗುವುದರಿಂದ ನಾಲ್ವರು ಕೂಡಿ ಎಚ್ಚರಿಕೆಯಿಂದ ಉರುಳಿಸಬೇಕು. ನೆಲವನ್ನು ದಮ್ಮಸು ಮಾಡಿ 10 ಸೆಂಟಿಮೀಟರು ಕಾಂಕ್ರೀಟು ಹಾಸಿ, ರಿಂಗುಗಳನ್ನು ಒಂದರ ಮೇಲೊಂದಿಟ್ಟು, ಕೂಡುಗಳನ್ನು ಗಾರೆಯಿಂದ ತುಂಬಿ, ಒಳಗೆ ನುಣುಪಾಗಿ ಗಿಲಾವು ಮಾಡಬೇಕು. 50 ಸೆಂಟಿಮೀಟರು ಎತ್ತರದಲ್ಲಿ ಒಂದು ರಂಧ್ರವಿಟ್ಟು ಜಾಲರಿ ಕಟ್ಟಿದರೆ ಮಳೆಯ ಹೆಚ್ಚುವರಿ ನೀರು ಹರಿದುಹೋಗುವುದು, ಮೀನು ಹೋಗದು. ಇದರಲ್ಲಿ ಸುಮಾರು 565 ಲೀಟರು ನೀರು ಹಿಡಿಯುವುದು.

ಅಂಚಿನ ಎತ್ತರ 60 ಸೆಂಟಿಮೀಟರು. ಗಾಲಿಕುರ್ಚಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದರೆ ಕೈ ಸುಲಭವಾಗಿ ನೀರನ್ನು ಮುಟ್ಟುವುದು. ಸುತ್ತಲೂ 120 ಸೆಂಟಿಮೀಟರು ಅಗಲದ, ಗಟ್ಟಿಯಾದ ಸಮತಟ್ಟು ದಾರಿ ಇರಲಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕೊಳದ ಮೇಲೆ ಕಬ್ಬಿಣದ ಬಲೆಯನ್ನು ಭದ್ರವಾಗಿ ಹೊದಿಸುವುದು ಕಡ್ಡಾಯ. ಅರ್ಧ ಮೀಟರು ನೀರು ಅವರ ಪ್ರಾಣಕ್ಕೆ ಸಾಕು.

ನೀರು ಮತ್ತು ಮೀನು

ಹೊಸ ಸಿಮೆಂಟಿನಿಂದ ಸುಣ್ಣ ನೀರಿಗೆ ಇಳಿಯುವುದು. ಆ ಕ್ಷಾರ ಮೀನಿಗೆ ಮಾರಕ. ಮೂರು ವಾರಗಳ ಕಾಲ ಆಗಾಗ ನೀರು ತುಂಬಿ ಚೆಲ್ಲಬೇಕು. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೆರೆತಾಗ ಕೆಂಪಾಗುವುದನ್ನು ಎಲ್ಲರೂ ಬಲ್ಲರು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದವು ಕೊಳದ ನೀರಿನಲ್ಲಿ ಕೆಂಪಾಗದಿದ್ದರೆ ಮಾತ್ರ ಮೀನು ಬಿಡಬಹುದು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಎರಡು ದಿನ ಬಿಸಿಲಿಗೆ ಬಿಟ್ಟಿರಬೇಕು.

ಆಮ್ಲಜನಕವು ಮೇಲ್ಮೈಯ ಮೂಲಕ ನೀರನ್ನು ಸೇರುವುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಾತ್ರ ಹಿಡಿಯುವುದು. ನೆಲದ ಆಸರೆಯಿಲ್ಲದ ಎತ್ತರದ ಕೊಳ ಬೇಗನೆ ಕಾಯುವುದರಿಂದ ಮಧ್ಯಾಹ್ನದ ನೆರಳು ಅಗತ್ಯ. ಮೊದಲಿಗೆ ಹತ್ತು ಹನ್ನೆರಡು ಗಪ್ಪಿ ಮೀನುಗಳು ಸಾಕು; ಅವು ಸೊಳ್ಳೆಯ ಮರಿಗಳನ್ನೂ ತಿನ್ನುತ್ತವೆ. ಇವು ದಕ್ಷಿಣ ಅಮೆರಿಕದ ಮೀನುಗಳು, ಬಹುಬೇಗ ಹೆಚ್ಚುತ್ತವೆ. ನಮ್ಮ ಕೆರೆಗಳ ಮೀನುಗಳಿಗೆ ಅವು ಪೈಪೋಟಿಯಾಗಬಹುದಾದುದರಿಂದ ಹೆಚ್ಚಾದುವನ್ನು ಎಂದಿಗೂ ಕೆರೆ ತೊರೆಗಳಿಗೆ ಬಿಡಬಾರದು.

ನಮ್ಮ ದುಂಡು ಕೊಳ ಎರಡು ಮಳೆಗಾಲಗಳನ್ನು ಕಂಡಿದೆ. ಸಂಜೆಯ ಹೊತ್ತು ತಾಯಿಯವರ ಕುರ್ಚಿ ಅದರ ಪಕ್ಕದಲ್ಲೇ ಇರುವುದು. ರಿಂಗಿನ ವ್ಯಾಸವನ್ನು ಇಮ್ಮಡಿಸಿದರೆ ಎಳೆತ ಎಷ್ಟಾಗುವುದು, ನೀರಿನ ಆಳವನ್ನು ಇಮ್ಮಡಿಸಿದರೆ ನೇರ ಗೋಡೆಯನ್ನು ಉರುಳಿಸುವ ಪರಿಣಾಮ ಎಷ್ಟಾಗುವುದು ಎಂಬುದನ್ನು ವಿದ್ಯಾರ್ಥಿಗಳು ಕಟ್ಟುವ ಮೊದಲೇ ಲೆಕ್ಕ ಹಾಕಿ ನೋಡಲಿ.