ಸೌಪರ್ಣಿಕೆಯ ಕೀಟಗಳು: ನೆಲೆಗೆ ತಕ್ಕ ಒಡಲು

ಕೊಡಚಾದ್ರಿಯ ಮಡಿಲಲ್ಲಿ ಹುಟ್ಟುವ ಸೌಪರ್ಣಿಕಾ ನದಿಯು ಕೊಲ್ಲೂರನ್ನು ಹಾದು, ಮರವಂತೆಯಲ್ಲಿ ಕಡಲಿನ ಮಗ್ಗುಲಿಗೇ ಬಂದು, ಅಲ್ಲಿಂದ ತಿರುಗಿ ಗಂಗೊಳ್ಳಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನೀರು ಒಂದೇ ಆದರೂ ಅದರ ನಡೆ ಒಂದೇ ಅಲ್ಲ. ಬೆಟ್ಟದಲ್ಲಿ ಅದು ಧುಮುಕುತ್ತದೆ, ಹೊಂಡದಲ್ಲಿ ನಿಲ್ಲುತ್ತದೆ, ಕೊನೆಗೆ ಕಡಲಿನ ಅಲೆಯಾಗುತ್ತದೆ. ಈ ಮೂರು ನೆಲೆಗಳಲ್ಲಿ ಕೀಟಗಳು ಬಾಳುವ ಬಗೆಯನ್ನು ಹೋಲಿಸಿ ನೋಡೋಣ.

ಧುಮುಕುವ ನೀರು

ಪಶ್ಚಿಮ ಘಟ್ಟದ ತೊರೆಯಲ್ಲಿ ಒಂದು ಕಲ್ಲನ್ನು ಮೆಲ್ಲನೆ ಎತ್ತಿದರೆ, ಅದರ ಅಡಿಯಲ್ಲಿ ಮೇಫ್ಲೈ ಎಂಬ ಕೀಟದ ಮರಿಗಳು ಕಾಣಸಿಗುತ್ತವೆ. ಅವುಗಳಲ್ಲಿ ಕೆಲವು ಜಾತಿಗಳ ದೇಹ ಚಪ್ಪಟೆ; ಕಾಲುಗಳ ತುದಿಯಲ್ಲಿ ಬಲವಾದ ಉಗುರುಗಳು. ಕಲ್ಲಿನ ಮೈಗೆ ತೀರ ಸಮೀಪದಲ್ಲಿ ನೀರಿನ ವೇಗ ಕಡಿಮೆ. ಚಪ್ಪಟೆಯಾದ ಮರಿಯು ಅಲ್ಲಿ ಅಂಟಿಕೊಂಡಿರಬಲ್ಲುದು, ಸಂದಿಗಳಲ್ಲಿ ನುಸುಳಲೂ ಬಲ್ಲುದು. ಹೊಟ್ಟೆಯ ಅಂಚಿನಲ್ಲಿರುವ ಕಿವಿರುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತವೆ. ಹರಿವು ಸದಾ ಹೊಸ ನೀರನ್ನು ತರುವುದರಿಂದ ಆಮ್ಲಜನಕಕ್ಕೆ ಕೊರತೆಯಿಲ್ಲ.

ನಿಂತ ನೀರು

ನಿಂತ ಹೊಂಡದಲ್ಲಿ, ಅದರಲ್ಲಿಯೂ ಎಲೆಗಳು ಕೊಳೆತಿರುವಲ್ಲಿ, ಆಮ್ಲಜನಕ ಬಹು ಸ್ವಲ್ಪ. ಆದರೂ ಕ್ಯೂಲೆಕ್ಸ್ ಸೊಳ್ಳೆಯ ಮರಿ ಅಲ್ಲಿ ಸುಖವಾಗಿದೆ. ಹೇಗೆ? ಅದರ ಹಿಂತುದಿಯಲ್ಲಿ ಉಸಿರಾಟದ ನಳಿಗೆಯೊಂದಿದೆ. ತಲೆಕೆಳಗಾಗಿ ತೂಗಿ, ಆ ನಳಿಗೆಯನ್ನು ನೀರಿನ ಮೇಲ್ಮೈಗೆ ಚಾಚಿ, ಅದು ನೇರವಾಗಿ ಗಾಳಿಯನ್ನೇ ಪಡೆಯುತ್ತದೆ. ಈಗ ಇವೆರಡರ ನೆಲೆಯನ್ನು ಅದಲುಬದಲು ಮಾಡಿದೆವೆಂದು ಭಾವಿಸೋಣ. ಸೊಳ್ಳೆಯ ಮರಿಯನ್ನು ಹರಿವು ಕೊಚ್ಚಿಕೊಂಡು ಹೋಗುತ್ತದೆ. ತೊರೆಯ ಮೇಫ್ಲೈ ಮರಿ ಹೊಂಡದಲ್ಲಿ ಉಸಿರುಕಟ್ಟುತ್ತದೆ. ಒಂದೆಡೆಯ ಬಲವೇ ಇನ್ನೊಂದೆಡೆಯ ದೌರ್ಬಲ್ಯ!

ನೀರಿನ ಮೇಲ್ಮೈ

ಮಡುವಿನ ಮೇಲೆ ಜಾರುತ್ತ ಓಡುವ ಉದ್ದಗಾಲಿನ ಕೀಟವನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಕಾಲುಗಳಲ್ಲಿ ನೀರಿಗೆ ನೆನೆಯದ ಸೂಕ್ಷ್ಮ ರೋಮಗಳಿವೆ. ನೀರಿನ ಮೇಲ್ಮೈ ಎಳೆತವು ಅದರ ಭಾರವನ್ನು ಹೊರುತ್ತದೆ. ಈ ಕೀಟಗಳಲ್ಲಿ ಹಲವಕ್ಕೆ ರೆಕ್ಕೆಯುಂಟು. ಹೊಂಡ ಬತ್ತಿದರೆ ಬೇರೊಂದಕ್ಕೆ ಹಾರಬಹುದು. ಇದರ ಬಂಧುವಾದ ಹ್ಯಾಲೊಬೇಟಿಸ್ ಕಡಲಿನಲ್ಲಿದೆ. ಲಕ್ಷಾಂತರ ಕೀಟಜಾತಿಗಳಿರುವ ಈ ಲೋಕದಲ್ಲಿ, ದಡದಿಂದ ದೂರದ ತೆರೆದ ಸಾಗರದ ಮೇಲೆ ಬಾಳನ್ನೆಲ್ಲ ಕಳೆಯುವವು ಈ ಕುಲದ ಐದು ಜಾತಿಗಳು ಮಾತ್ರ. ಅವುಗಳಿಗೆ ರೆಕ್ಕೆಯೇ ಇಲ್ಲ. ಬತ್ತದ ಕಡಲಿನಲ್ಲಿ ಹಾರಿ ಹೋಗಬೇಕಾದುದೆಲ್ಲಿಗೆ?

ಒಂದು ಪ್ರಯೋಗ

ಬಟ್ಟಲಿನ ನೀರಿನ ಮೇಲೆ ಒಣ ಸೂಜಿಯನ್ನು ಮೆಲ್ಲನೆ ತೇಲಿಬಿಡಿ. ಅನಂತರ ಒಂದು ಹನಿ ಸಾಬೂನಿನ ನೀರನ್ನು ಹಾಕಿ. ಮೇಲ್ಮೈ ಎಳೆತ ಕುಗ್ಗಿ ಸೂಜಿ ಮುಳುಗುತ್ತದೆ. ಸಾಬೂನು ಬೆರೆತ ಮಡುವಿನಲ್ಲಿ ನೀರಿನ ಮೇಲೆ ಓಡುವ ಕೀಟಕ್ಕೆ ಒದಗುವ ಗತಿಯೂ ಇದೇ. ಹಾಗೆಯೇ ಕೆಸರು ತುಂಬಿದ ತೊರೆಯಲ್ಲಿ ಕಲ್ಲಿನ ಸಂದಿಗಳು ಮುಚ್ಚಿ ಮೇಫ್ಲೈ ಮರಿಗೆ ನೆಲೆಯಿಲ್ಲದಾಗುತ್ತದೆ. ಸೊಳ್ಳೆಯ ಮರಿಗಾದರೋ ಕೊಳೆತ ನೀರೇ ಸಾಕು.

ಹೊಂದಾಣಿಕೆಯೆಂಬುದು ಎಲ್ಲೆಡೆಯೂ ನಡೆಯುವ ನಾಣ್ಯವಲ್ಲ. ಅದು ಯುಗಯುಗಗಳಲ್ಲಿ ರೂಪುಗೊಂಡದ್ದು. ನಾವು ನೀರನ್ನು ಕೆಡಿಸಲು ಒಂದು ದಿನ ಸಾಕು. ಆದುದರಿಂದ, ನೋಡಲು ಎತ್ತಿದ ಕಲ್ಲನ್ನು ಇದ್ದಂತೆಯೇ ಮರಳಿ ಇಡುವುದೂ ನಮ್ಮ ಪಾಠದ ಒಂದು ಭಾಗವೇ.