ಬೆಂಗಳೂರು ದಂಡಿನ ಹಳೇ ಬೀದಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರಸೆಲ್ ಮಾರ್ಕೆಟ್ ಒಳಗೆ ನಮ್ಮದು ತಾತನ ಕಾಲದ ಹಣ್ಣಿನಂಗಡಿ. ಮಾರುಕಟ್ಟೆಯನ್ನು ಅಭಿವೃದ್ಧಿ ಮಾಡುತ್ತಾರಂತೆ ಎಂಬ ಸುದ್ದಿ ಆಗಾಗ ಏಳುತ್ತದೆ. ಮಳೆ ಬಂದರೆ ಸೋರುತ್ತದೆ, ದುರಸ್ತಿ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಒಮ್ಮೆ ಹೊರಗೆ ಹಾಕಿದರೆ ಮತ್ತೆ ಒಳಗೆ ಬಿಡುತ್ತಾರಾ? ಇದೇ ಯೋಚನೆಯಲ್ಲಿ ನಿದ್ದೆ ಬರುವುದಿಲ್ಲ.
– ಹೆಸರು ಬೇಡ, ಶಿವಾಜಿನಗರ

ಉತ್ತರ: ನಿಮಗೆ ಸೋರುವ ಮಾಡಿಗಿಂತ ಕೈತಪ್ಪುವ ಅಂಗಡಿಯ ಚಿಂತೆ ದೊಡ್ಡದು. ಮೂರು ತಲೆಮಾರಿನ ಗಿರಾಕಿಗಳಿರುವ ಜಾಗ, ಭಯ ಸಹಜವೇ.

ಮೊದಲು ಧೈರ್ಯದ ಮಾತು. 1927ರಲ್ಲಿ ಕಟ್ಟಿ 1933ರಲ್ಲಿ ವಿಧ್ಯುಕ್ತವಾಗಿ ತೆರೆದ ಈ ಮಾರುಕಟ್ಟೆ ದೊಡ್ಡ ಪೆಟ್ಟುಗಳನ್ನು ತಿಂದೇ ಉಳಿದಿದೆ. 2012ರ ಫೆಬ್ರುವರಿಯ ಬೆಂಕಿ ನಿಮಗೆ ನೆನಪಿರಬೇಕು. ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು. ಆದರೂ ಕಟ್ಟಡ ದುರಸ್ತಿಯಾಯಿತು, ವ್ಯಾಪಾರ ಮತ್ತೆ ಶುರುವಾಯಿತು. ಹೆಸರು ಕೊಟ್ಟ ಮುನ್ಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಅವರನ್ನು ಇಂದು ಯಾರೂ ಬಲ್ಲವರಿಲ್ಲ. ನಿಮ್ಮಂಥವರ ಅಂಗಡಿ ಹುಡುಕಿಕೊಂಡು ಊರೆಲ್ಲ ಬರುತ್ತದೆ. ವ್ಯಾಪಾರ ನಡೆಯುತ್ತಿರುವ ಕಟ್ಟಡವನ್ನು ಕೆಡವುವುದು ಬೀಗ ಬಿದ್ದ ಕಟ್ಟಡ ಕೆಡವಿದಷ್ಟು ಸುಲಭವಲ್ಲ.

ಆದರೆ ಮೈಸೂರಿನ ಕಥೆಯೂ ನಿಮಗೆ ತಿಳಿದಿರಲಿ. ಅಲ್ಲಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಆಮೇಲೆ ಉಳಿಸಬೇಕೋ ಕೆಡವಬೇಕೋ ಎಂಬ ವ್ಯಾಜ್ಯ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿತು. ಆದ್ದರಿಂದ ‘ಮುಟ್ಟಲೇಬೇಡಿ’ ಎಂದು ಹಟ ಹಿಡಿಯುವ ವ್ಯಾಪಾರಿಗಳ ಪರ ನಾನಿಲ್ಲ. ದುರಸ್ತಿ ಬೇಕೆಂದು ನೀವೇ ಮೊದಲು ಕೇಳಿ. ಆಗ ಷರತ್ತು ಹಾಕುವ ಹಕ್ಕೂ ನಿಮ್ಮ ಕೈಯಲ್ಲಿರುತ್ತದೆ.

ಆ ಷರತ್ತುಗಳು ಬಾಯಿಮಾತಲ್ಲಿ ಉಳಿಯಬಾರದು. ಕೆಲಸ ಒಂದೊಂದೇ ಸಾಲಿನಂತೆ ನಡೆಯಲಿ, ಇಡೀ ಮಾರುಕಟ್ಟೆ ಒಟ್ಟಿಗೆ ಖಾಲಿಯಾಗುವುದು ಬೇಡ. ತಾತ್ಕಾಲಿಕ ಮಳಿಗೆ ಕಣ್ಣಳತೆಯಲ್ಲೇ ಇರಲಿ. ಮರಳಿ ಸಿಗುವ ಅಂಗಡಿಯ ಸಂಖ್ಯೆ, ಅಳತೆ, ತಾರೀಕು ಕಾಗದದ ಮೇಲಿರಲಿ, ಕೆಳಗೆ ಸಂಘದ ಸಹಿಯೂ ಇರಲಿ. ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಬಾಡಿಗೆ ರಸೀದಿ, ಪರವಾನಗಿ, ತಾತನಿಂದ ನಿಮ್ಮ ಹೆಸರಿಗೆ ವರ್ಗವಾದ ಪತ್ರ ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹೊಸ ಕಚೇರಿಯ ದಾಖಲೆಯಲ್ಲಿ ನಿಮ್ಮ ಅಂಗಡಿ ಸರಿಯಾಗಿ ನಮೂದಾಗಿದೆಯೇ ಎಂದು ಖುದ್ದಾಗಿ ಹೋಗಿ ನೋಡಿಕೊಳ್ಳಿ.

ಹೊರಗೆ ಗಾಡಿ, ಬುಟ್ಟಿ ಇಟ್ಟು ಮಾರುವವರನ್ನು ಎದುರಾಳಿಗಳೆಂದು ನೋಡಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ 30 ದಿನ ಮುಂಚೆ ನೋಟಿಸ್ ಕೊಡದೆ ಅವರನ್ನು ಎಬ್ಬಿಸುವಂತಿಲ್ಲ. 50 ವರ್ಷಕ್ಕಿಂತ ಹೆಚ್ಚು ಕಾಲದಿಂದ ಬೀದಿ ವ್ಯಾಪಾರ ನಡೆದುಬಂದಿರುವ ಸಹಜ ಮಾರುಕಟ್ಟೆಯನ್ನು (ತಾನಾಗಿ ಬೆಳೆದ ಸಂತೆಜಾಗವನ್ನು) ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂದೂ ಅದರ ಅನುಸೂಚಿ ಹೇಳುತ್ತದೆ. ಒಳಗಿನವರೂ ಹೊರಗಿನವರೂ ಒಂದೇ ಅರ್ಜಿ ಹಿಡಿದು ಹೋದರೆ ಅದರ ತೂಕವೇ ಬೇರೆ.

ಪ್ರಶ್ನೆ: ಫ್ರೇಜರ್ ಟೌನ್‌ನಲ್ಲಿ ನಮ್ಮ ಮಾವನವರ ಮನೆ. ಕಿಟಕಿಗಳಿಗೆ ಮಂಕಿ ಟಾಪ್ (ಮರದ ಪಟ್ಟಿಗಳ ಚೂಪು ಮಾಡು) ಇದೆ, ಮಂಗಳೂರು ಹೆಂಚು, ಕೆಂಪು ಗಾರೆ ನೆಲ. ಗೋಡೆಯೆಲ್ಲ ಶೀತ. ಪ್ರತಿ ವರ್ಷ ಸಿಮೆಂಟ್ ಹಾಕಿಸಿ ಬಣ್ಣ ಬಳಿಸುತ್ತೇವೆ, ಮಳೆಗಾಲ ಮುಗಿಯುವುದರೊಳಗೆ ಉದುರುತ್ತದೆ. ಮೈದುನರಿಬ್ಬರು ಬಿಲ್ಡರಿಗೆ ಕೊಡೋಣ ಎನ್ನುತ್ತಿದ್ದಾರೆ. ಪಾರಂಪರಿಕ ಪಟ್ಟಿಗೆ ಸೇರಿದರೆ ಸರ್ಕಾರವೇ ಮನೆ ತೆಗೆದುಕೊಳ್ಳುತ್ತದಂತೆ, ನಿಜವೇ?
– ಓದುಗರೊಬ್ಬರು, ಪುಲಿಕೇಶಿನಗರ

ಉತ್ತರ: ಇಲ್ಲಮ್ಮ, ಯಾರೂ ಮನೆ ಕಿತ್ತುಕೊಳ್ಳುವುದಿಲ್ಲ. ಈ ಗಾಳಿಮಾತಿಗೆ ಹೆದರಿ ಒಳ್ಳೆಯ ಮನೆ ಮಾರಿದವರುಂಟು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೇಂದ್ರದ ರಕ್ಷಿತ ಸ್ಮಾರಕ ಎಂಬುದು ಬೇರೆಯೇ ವಿಷಯ. ಅದರ ಸುತ್ತ 100 ಮೀಟರ್ ನಿಷೇಧ, ಆಚೆಗೆ ಇನ್ನೂ 200 ಮೀಟರ್ ನಿಯಂತ್ರಣ ಇರುವುದು ನಿಜ. ನಿಮ್ಮ ಮನೆ ಆ ಜಾತಿಗೆ ಸೇರಿದ್ದಲ್ಲ. ಹಳೇ ಕಟ್ಟಡಗಳ ಪಟ್ಟಿ ಮಾಡುವ ಇನ್‌ಟ್ಯಾಕ್ 1984ರಲ್ಲಿ ಹುಟ್ಟಿದ ನೋಂದಾಯಿತ ಸಂಸ್ಥೆ, ಸರ್ಕಾರಿ ಇಲಾಖೆಯಲ್ಲ. ಅವರ ಪಟ್ಟಿಯಲ್ಲಿ ಮನೆಯ ಹೆಸರು ಬಂದ ಮಾತ್ರಕ್ಕೆ ಯಾವ ಕಾನೂನೂ ಬಂದು ಮೇಲೆ ಬೀಳುವುದಿಲ್ಲ. ನಗರ ಯೋಜನೆಯ ನಿಯಮದಡಿ ಪಾರಂಪರಿಕ ಕಟ್ಟಡವೆಂದು ಗುರುತಿಸಿದರೆ ಕೆಡವುವಾಗ, ದೊಡ್ಡ ಬದಲಾವಣೆ ಮಾಡುವಾಗ ಅನುಮತಿ ಕೇಳಬೇಕಾಗುತ್ತದೆ, ಅಷ್ಟೆ. ಒಡೆತನ, ಬಾಡಿಗೆ, ಮಕ್ಕಳ ಹಕ್ಕು ಎಲ್ಲವೂ ನಿಮ್ಮವರದೇ.

ಇನ್ನು ಶೀತ. ಮೈದುನರ ಬೇಸರಕ್ಕೆ ಅರ್ಧ ಕಾರಣ ಆ ಗೋಡೆಯೇ ಇರಬೇಕು, ಆದ್ದರಿಂದ ಅದನ್ನೇ ಮೊದಲು ಸರಿಮಾಡೋಣ. 1898ರ ಪ್ಲೇಗ್ ಕಳೆದ ಮೇಲೆ ಗಾಳಿ ಬೆಳಕಿಗಾಗಿ ಬಿಡಿಬಿಡಿಯಾಗಿ ಕಟ್ಟಿದ ಬಡಾವಣೆ ನಿಮ್ಮದು. ಆಗಿನ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಅದು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಬೆವರಿದ ಮೈಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಒಳಗಿನ ನೀರು ದಾರಿ ಕಾಣದೆ ಉಪ್ಪನ್ನೂ ಕರೆದುಕೊಂಡು ಹೊರಬರುತ್ತದೆ, ಬಣ್ಣ ಹಪ್ಪಳವಾಗಿ ಏಳುತ್ತದೆ. ತಪ್ಪು ಗೋಡೆಯದಲ್ಲ.

ಕರಣೆ ಹಿಡಿಯುವ ಮೊದಲು ಹೊರಗೆ ಬಂದು ರಸ್ತೆ ನೋಡಿ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಹಳೇ ಬಡಾವಣೆಗಳಲ್ಲಿ ರಸ್ತೆ ಮನೆಯ ನೆಲಮಟ್ಟಕ್ಕಿಂತ ಎತ್ತರವಾಗಿರುವುದುಂಟು. ಮಳೆನೀರು ಗೋಡೆಯ ಬುಡದಲ್ಲಿ ನಿಂತರೆ ಮೇಲಿನ ಉಪಚಾರವೆಲ್ಲ ವ್ಯರ್ಥ. ಬುಡದ ಸುತ್ತ ಸಿಮೆಂಟ್ ಮುಚ್ಚಿದ್ದರೆ ಒಡೆಸಿ, ಜಲ್ಲಿ ತುಂಬಿದ ಕಿರುಗಾಲುವೆ ಮಾಡಿಸಿ ನೀರು ಹರಿದುಹೋಗಲು ಬಿಡಿ.

ಸಂಕ್ರಾಂತಿ ಕಳೆದ ಮೇಲೆ ಗೋಡೆ ಕೆಲಸ. ಶೀತದ ಗೆರೆಗಿಂತ ಒಂದೆರಡು ಅಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿ, ಇಟ್ಟಿಗೆ ಸಂದುಗಳನ್ನು ಕೆರೆಸಿ, ಕೆಲವು ವಾರ ಹಾಗೇ ಒಣಗಲು ಬಿಡಿ. ನೋಡಲು ಅಸಹ್ಯ, ನೆಂಟರು ಕೇಳುತ್ತಾರೆ, ಕೇಳಲಿ. ಆಮೇಲೆ ಚೆನ್ನಾಗಿ ಅರಳಿಸಿ ನೆನೆಸಿಟ್ಟ ಸುಣ್ಣಕ್ಕೆ ಮರಳು, ಸುರ್ಕಿ (ನುಣ್ಣಗೆ ಕುಟ್ಟಿದ ಇಟ್ಟಿಗೆ ಪುಡಿ) ಬೆರೆಸಿ ತೆಳುವಾಗಿ ಎರಡು ಮೂರು ಪದರ ಹೊಡೆಸಬೇಕು. ಹಳೇ ಮೇಸ್ತ್ರಿಗಳು ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಸೇರಿಸುತ್ತಾರೆ. ಅದು ಮೂಢನಂಬಿಕೆಯಲ್ಲ, ಗಾರೆ ಹದವಾಗಿ ಕೂರುತ್ತದೆ. ಪ್ರತಿ ಪದರವೂ ನಿಧಾನವಾಗಿ ಒಣಗುವಂತೆ ಒದ್ದೆ ಗೋಣಿತಾಟು ಇಳಿಬಿಡಿ. ಕೊನೆಗೆ ಪ್ಲಾಸ್ಟಿಕ್ ಬಣ್ಣ ಬೇಡ, ಸುಣ್ಣವೇ ಇರಲಿ. ಒಂದೇ ಕೋಣೆಯಲ್ಲಿ ಮಾಡಿಸಿ, ಒಂದು ಮಳೆಗಾಲ ನೋಡಿ, ಆಮೇಲೆ ಮುಂದಿನದು. ಚಾವಣಿಯ ಅಂಚಿನಲ್ಲಿ ಅರಳಿ ಸಸಿ ಹುಟ್ಟಿದ್ದರೆ ಎಳೆದು ಕೀಳಿಸಬೇಡಿ, ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಕತ್ತರಿಸಿ, ಬೇರಿಗೆ ಔಷಧಿ ಹಾಕಿಸಿ, ಒಣಗಿದ ಮೇಲೆ ತೆಗೆಸಿ.

ಮೈದುನರ ಜೊತೆ ಜಗಳ ಬೇಡ. ಹಣ ಬೇಕೆಂಬುದು ತಪ್ಪಲ್ಲ. ಮನೆಯ ಮುಂಭಾಗವನ್ನು ಕ್ಲಿನಿಕ್ಕಿಗೋ ಕಚೇರಿಗೋ ಬಾಡಿಗೆಗೆ ಕೊಟ್ಟರೆ ಎಷ್ಟು ಬರಬಹುದು, ಯಾವುದಕ್ಕೆ ಅನುಮತಿ ಇದೆ ಎಂದು ವಿಚಾರಿಸಿ, ಬಿಲ್ಡರ್ ಹೇಳಿದ ಲೆಕ್ಕದ ಪಕ್ಕದಲ್ಲಿ ಬರೆದು ಎಲ್ಲರ ಮುಂದಿಡಿ. ಜೊತೆಗೆ ಒಮ್ಮೆ ಅವರನ್ನು ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಕರೆದುಕೊಂಡು ಹೋಗಿ. ಕೆಡವಿದ ಮನೆಗಳ ತೇಗದ ಬಾಗಿಲಿಗೆ ಅಲ್ಲಿ ಯಾವ ಬೆಲೆ ಹೇಳುತ್ತಾರೆ ಕೇಳಿ. ನಿಮ್ಮ ಮಂಕಿ ಟಾಪಿಗೆ ಹಲಗೆ ಬೇಕಾದರೂ ಅದೇ ಜಾಗ.

ಪ್ರಶ್ನೆ: ಹಲಸೂರು ಬಜಾರ್ ಬೀದಿಯನ್ನು ಚೆನ್ನಾಗಿಡಬೇಕೆಂಬ ಆಸೆ. ಆದರೆ ಒಬ್ಬರದು ಕನ್ನಡ, ಒಬ್ಬರದು ತಮಿಳು, ಇನ್ನೊಬ್ಬರದು ಉರ್ದು. ಎಲ್ಲರನ್ನೂ ಒಂದು ಕಡೆ ಕೂರಿಸುವುದೇ ಕಷ್ಟ. ನನ್ನಂಥ ಹುಡುಗನ ಮಾತು ಯಾರು ಕೇಳುತ್ತಾರೆ?
– ಪದವಿ ವಿದ್ಯಾರ್ಥಿ, ಹಲಸೂರು

ಉತ್ತರ: ಭಾಷೆ ಅಡ್ಡಿಯೆಂದು ನಿಮಗೆ ಅನಿಸಿದೆ. ಆದರೆ ಸೋಮೇಶ್ವರನ ತೇರು ಬರುವ ದಿನ, ಸೆಪ್ಟೆಂಬರ್ 8ರ ಸೇಂಟ್ ಮೇರಿ ಬೆಸಿಲಿಕಾ ಹಬ್ಬದ ದಿನ ಅಕ್ಕಪಕ್ಕದವರು ಒಬ್ಬರಿಗೊಬ್ಬರು ದಾರಿ ಬಿಡುವುದನ್ನು ನೀವೇ ನೋಡಿದ್ದೀರಿ. ಹೊಂದಿಕೊಳ್ಳುವುದು ದಂಡಿನ ಜನಕ್ಕೆ ಹೊಸದಲ್ಲ.

‘ಪರಂಪರೆ ಉಳಿಸೋಣ’ ಎಂದು ಸಭೆ ಕರೆದರೆ ಯಾರೂ ಬರುವುದಿಲ್ಲ, ನಾನೂ ಬರಲಾರೆ. ಅಂಗಡಿ ಫಲಕದ ಮಾತಿನಿಂದ ಶುರುಮಾಡಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಫಲಕದಲ್ಲಿ ಶೇ 60 ಕನ್ನಡ ಇರಲೇಬೇಕು. ಹೇಗೂ ಬದಲಾಯಿಸುವವರು ಒಂದೇ ಎತ್ತರಕ್ಕೆ, ಒಂದೇ ಅಳತೆಗೆ ಹಾಕಿಸಲಿ, ಒಬ್ಬನೇ ಪೇಂಟರ್ ಬಳಿ ಹೋದರೆ ಖರ್ಚೂ ಇಳಿಯುತ್ತದೆ. ಹಳೇ ಕಟ್ಟಡದ ನೆತ್ತಿಯಲ್ಲಿ ಗಾರೆಯಲ್ಲಿ ಬರೆದ ಇಸವಿ, ಬಳ್ಳಿ, ಹೂವು ಇದ್ದರೆ ಫಲಕ ಅದನ್ನು ಮುಚ್ಚದಿರಲಿ. ಎರಡು ಮೂರು ಅಂಗಡಿ ಒಪ್ಪಿದರೆ ಸಾಕು, ಉಳಿದವರು ನೋಡಿ ಕೇಳುತ್ತಾರೆ. ಆಮೇಲೆ ಜೋತುಬಿದ್ದ ಕೇಬಲ್, ಆಮೇಲೆ ಕಸ. ಖರ್ಚಿನ ಲೆಕ್ಕವನ್ನು ತಿಂಗಳಿಗೊಮ್ಮೆ ಯಾವುದಾದರೂ ಷಟರ್ ಮೇಲೆ ಅಂಟಿಸಿ, ಅನುಮಾನಕ್ಕೆ ಅದೇ ಮದ್ದು.

ಹಣ ಎಲ್ಲಿಂದ ಎಂದು ಕೇಳುತ್ತೀರಾ? ಮುಂಬೈನ ಕಾಲಾ ಘೋಡಾದಲ್ಲಿ 1998ರಲ್ಲಿ ಸಂಘ ಕಟ್ಟಿ, ಮರುವರ್ಷದಿಂದ ಕಲಾ ಉತ್ಸವ ನಡೆಸಿ, ಬಂದ ಹಣವನ್ನು ಆ ಪ್ರದೇಶದ ಕಟ್ಟಡಗಳ ದುರಸ್ತಿಗೆ ಬಳಸಿದರು. ನಿಮಗೆ ಉತ್ಸವ ಹುಡುಕುವ ಕಷ್ಟವಿಲ್ಲ, ಊರಹಬ್ಬಗಳು ಬೇಕಾದಷ್ಟಿವೆ.

ಪ್ರಶ್ನೆ: ಮೆಟ್ರೊ ಸುರಂಗ ಕೊರೆದ ಮೇಲೆ ನಮ್ಮ ಹಳೇ ಮನೆಯ ಬಿರುಕು ದೊಡ್ಡದಾದ ಹಾಗೆ ಕಾಣುತ್ತದೆ. ಮನೆ ಬೀಳುತ್ತದಾ?
– ಗೃಹಿಣಿ, ದಂಡು ರೈಲು ನಿಲ್ದಾಣದ ಬಳಿ

ಉತ್ತರ: ಬಿರುಕುಗಳೆಲ್ಲ ಅಪಾಯದ್ದಲ್ಲ. ಸುಣ್ಣದ ಗೋಡೆಯಲ್ಲಿ ಹಳೆಯ, ಅಲುಗದ ಬಿರುಕುಗಳು ಬಹಳ ಇರುತ್ತವೆ. ಆದರೆ ‘ಹಾಗೆ ಕಾಣುತ್ತದೆ’ ಎಂದರೆ ಯಾವ ಕಚೇರಿಯೂ ಕೇಳುವುದಿಲ್ಲ, ನಿಮಗೂ ನೆಮ್ಮದಿಯಿಲ್ಲ. ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಗಾರೆ ಹಚ್ಚಿಸಿ ಕೂರಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ, ಫೋಟೊ ತೆಗೆಯಿರಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಸೀಳಿದ ದಿನವೇ ಆ ಫೋಟೊಗಳ ಜೊತೆ ಮೆಟ್ರೊ ನಿಗಮಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಕಟ್ಟಡದ ಬಲ ಪರೀಕ್ಷಿಸುವ ಇಂಜಿನಿಯರರನ್ನೂ ಕರೆಸಿ. ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ, ಇಲ್ಲವೇ ತೊಲೆ ಗೋಡೆಯೊಳಗೆ ಸೇರುವ ಜಾಗದಲ್ಲಿ ಗಾರೆ ಉದುರಿದರೆ ಗಾಜು ಸೀಳುವವರೆಗೆ ಕಾಯಬೇಡಿ. ಅಂದೇ ಆ ಕೋಣೆ ಬಿಟ್ಟು ಬೇರೆ ಕೋಣೆಯಲ್ಲಿ ಮಲಗಿ.