ಗಾಡಿ ಹಳೆಯದಾದರೂ ಸರಿ, ಹೆಲ್ಮೆಟ್ ಹೊಸದೇ ಬೇಕು

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಮೋಟೋಕ್ರಾಸ್ ಅಂದರೆ ಪ್ರಾಣ. ಪರಿಚಯದವರೊಬ್ಬರು 65 ಸಿಸಿಯ ಹಳೆಯ ರೇಸಿಂಗ್ ಬೈಕ್ ಕೊಡುತ್ತಿದ್ದಾರೆ. ಅವರ ಮಗ ಹಾಕುತ್ತಿದ್ದ ಹೆಲ್ಮೆಟ್, ಬೂಟು ಉಚಿತವಂತೆ. ಗಾಡಿ ಸ್ವಲ್ಪ ಎತ್ತರ. ಎರಡು ವರ್ಷದಲ್ಲಿ ಸರಿಹೋಗುತ್ತದೆ ಅಂದುಕೊಂಡಿದ್ದೇನೆ. ಕೊಳ್ಳಬಹುದೇ ಡಾಕ್ಟ್ರೇ?
– ಓದುಗರೊಬ್ಬರು, ಗಿರಿನಗರ

ಉತ್ತರ: ಈ ಬೈಕ್ ಬೇಡ. ಕಾರಿನ ಲೈಸೆನ್ಸ್ ಪಡೆಯುವ ವಯಸ್ಸಾಗದ ಮಕ್ಕಳು ಇಂಥ ಗಾಡಿಗಳನ್ನು ಓಡಿಸಲೇಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ರಲ್ಲೇ ಹೇಳಿದೆ. ಅದನ್ನು ತಿಳಿದೂ ಮಗನ ಆಸೆಗೆ ಒಪ್ಪುವ ತಂದೆತಾಯಿ ಅಳತೆಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದು.

ಬೆಳೆಯುವ ಮಕ್ಕಳಿಗೆ ಯೂನಿಫಾರಂ ಒಂದು ಸೈಜ್ ದೊಡ್ಡದು ಹೊಲಿಸುವಂತೆ ಬೈಕ್ ಕೊಳ್ಳಲಾಗದು. 65 ಸಿಸಿ ರೇಸಿಂಗ್ ಬೈಕಿನ ಸೀಟು ಸುಮಾರು 75 ಸೆಂ.ಮೀ. ಎತ್ತರ. 9 ವರ್ಷದ ಹುಡುಗನ ಕಾಲಿನ ಒಳ ಅಳತೆ 60 ಸೆಂ.ಮೀ. ಆಸುಪಾಸು. ನಿಲ್ಲಿಸಿದಾಗ ಪಾದ ನೆಲಕ್ಕೆ ಸಿಗದು, 50 ಕೆ.ಜಿ.ಗೂ ಹೆಚ್ಚಿನ ಗಾಡಿ ಕಾಲಿನ ಮೇಲೆಯೇ ಬೀಳುತ್ತದೆ. ಹೋಂಡಾ ಸಿಆರ್‌ಎಫ್50ಎಫ್‌ನ ಸೀಟು ಸುಮಾರು 55 ಸೆಂ.ಮೀ. ಅದಕ್ಕೆ ಕ್ಲಚ್ ಲಿವರ್ ಇಲ್ಲ. ಆಕ್ಸಿಲರೇಟರ್ ಎಷ್ಟು ತಿರುಗಬೇಕೆಂದು ಒಂದು ಸ್ಕ್ರೂನಿಂದ ಮಿತಿ ಹಾಕಬಹುದು. ಕಲಿಯುವವನಿಗೆ ಅಂಥದ್ದೇ ಸರಿ.

ಮಕ್ಕಳ ಕೈಕಾಲಿನ ಮೂಳೆಗಳ ತುದಿಯಲ್ಲಿ ಮೂಳೆ ಬೆಳೆಯುವ ಮೃದುವಾದ ಪದರ ಇರುತ್ತದೆ. ದೊಡ್ಡವರಿಗೆ ಬರೀ ಉಳುಕಾಗುವ ಏಟಿಗೆ ಮಕ್ಕಳಲ್ಲಿ ಈ ಪದರವೇ ಸೀಳಬಹುದು. ಗಮನಿಸದಿದ್ದರೆ ಕಾಲು ಗಿಡ್ಡವಾಗುವ, ಸೊಟ್ಟಗಾಗುವ ಅಪಾಯವಿದೆ. ಬಿದ್ದ ಮಗು ಕಾಲೂರಲು ಒಪ್ಪದಿದ್ದರೆ ಎಣ್ಣೆ ತಿಕ್ಕಿ ಕೂರಿಸದೆ, ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಕಡೆ ಎಕ್ಸ್‌ರೇ ತೆಗೆಸಬೇಕು.

ಉಚಿತ ಹೆಲ್ಮೆಟ್ ಬೇಡವೇ ಬೇಡ. ಒಳಗಿನ ಥರ್ಮಾಕೋಲ್ ಒಮ್ಮೆ ಏಟು ತಿಂದು ಅಮುಕಿಕೊಂಡರೆ ಮತ್ತೆ ಉಬ್ಬದು. ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಡಾಕರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿರಿಸಬೇಕಾಯಿತು. ಅತ್ಯುತ್ತಮ ಹೆಲ್ಮೆಟ್ ಧರಿಸುವ ವೃತ್ತಿಪರರ ಪಾಡೇ ಹೀಗಿರುವಾಗ, ಮಗುವಿನ ತಲೆಗೆ ಅಳತೆ ತೆಗೆದು ಹೊಸದನ್ನೇ ತರಬೇಕು. ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಹೆಲ್ಮೆಟ್ ಜೊತೆ ಸರಿಯಬೇಕು. ಬೂಟು ಅಳತೆಗೆ ಸರಿಹೊಂದಿದರೆ, ಬಕಲ್ ಗಟ್ಟಿಯಿದ್ದರೆ, ಹಳೆಯದಾದರೂ ನಡೆದೀತು.

ಬೇರೆ ಹಳೆಯ ಬೈಕ್ ನೋಡುವಾಗ ಮೆಕ್ಯಾನಿಕ್ ಜೊತೆಗಿರಲಿ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಪಟಕ್ಕನೆ ಹಿಂದಿರುಗಬೇಕು. ಕಿಲ್ ಸ್ವಿಚ್ ಒತ್ತಿದ ತಕ್ಷಣ ಎಂಜಿನ್ ನಿಲ್ಲಬೇಕು. ಬ್ರೇಕ್ ಲಿವರ್ ಮಗುವಿನ ಬೆರಳಿಗೆ ನಿಲುಕಬೇಕು. ಸೈಲೆನ್ಸರಿನ ಹೀಟ್ ಗಾರ್ಡ್ ಕಿತ್ತುಹೋಗಿದ್ದರೆ ಮೊಣಕಾಲ ಕೆಳಗೆ ಸುಟ್ಟ ಗಾಯ ಖಂಡಿತ.

ಸೀತಾ ಸರ್ಕಲ್ ಸುತ್ತ ಒಂದು ರೌಂಡ್, ಬನಶಂಕರಿ 6ನೇ ಹಂತದ ಖಾಲಿ ರಸ್ತೆಯಲ್ಲಿ ಭಾನುವಾರದ ಅಭ್ಯಾಸ ಎರಡೂ ಕೂಡದು. ಅವೂ ಸಾರ್ವಜನಿಕ ರಸ್ತೆಗಳೇ. 2019ರ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಸಂತೋಷ್ ಅವರೇ ಕೋಲಾರದ ಬಳಿ ಕಟ್ಟಿದ ಬಿಗ್‌ರಾಕ್‌ನಂಥ ಟ್ರ್ಯಾಕ್‌ಗಳಲ್ಲಿ ತರಬೇತುದಾರರ ಕಣ್ಣೆದುರು ಕಲಿಯಲಿ.

ಪ್ರಶ್ನೆ: ಬಿದ್ದು ತಲೆಗೆ ಏಟಾದರೂ ಎಚ್ಚರ ತಪ್ಪದಿದ್ದರೆ ಮತ್ತೆ ಓಡಿಸಬಹುದೇ?

ಉತ್ತರ: ಆ ದಿನ ಕೂಡದು. ಎಚ್ಚರ ತಪ್ಪದೆಯೂ ಮೆದುಳಿಗೆ ಪೆಟ್ಟಾಗಿರಬಹುದು. ತಲೆನೋವು, ಮಂಕು, ಬೆಳಕು ಕಂಡರೆ ಕಿರಿಕಿರಿ ಪೂರ್ತಿ ಹೋಗಿ, ಮಗು ಶಾಲೆಯ ಪಾಠಕ್ಕೆ ಎಂದಿನಂತೆ ಕುಳಿತ ಮೇಲೆ ವೈದ್ಯರನ್ನು ಕೇಳಿಯೇ ಗಾಡಿ ಹತ್ತಿಸಬೇಕು. ಪದೇ ಪದೇ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ನಿದ್ದೆ, ತೊದಲು ಮಾತು ಕಂಡರೆ ಬೆಳಗಾಗುವವರೆಗೆ ಕಾಯದೆ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.